ಬಾಗಿಲಲ್ಲಿ ನಿಂತ ದನಿ



ದೇವರಲ್ಲಿ ಪ್ರಸಾದ ಕೇಳುವ ರೂಢಿ ನಮ್ಮ ನಾಡಿನಲ್ಲಿ ಬಹಳ ಹಿಂದಿನದು. ಮನಸ್ಸಿನಲ್ಲಿ ಒಂದು ಕಾರ್ಯವನ್ನು ನೆನೆದು ದೇವರ ಮುಂದೆ ನಿಲ್ಲುವುದು. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಇಲ್ಲ. ಎಡಗಡೆಯ ಹೂ ಬಿದ್ದಾಗ ಜನ ಏನು ಮಾಡುತ್ತಾರೆ? 'ಮನಸ್ಸು ಶುದ್ಧವಿರಲಿಲ್ಲ, ಇನ್ನೊಮ್ಮೆ ಕೇಳೋಣ' ಎನ್ನುತ್ತಾರೆ. ಬಲಗಡೆಯದು ಬೀಳುವವರೆಗೂ ಕೇಳುತ್ತಾರೆ. ಬಿದ್ದ ಕೂಡಲೇ ಶಿವನಿಚ್ಛೆ ಎಂದು ಕೈಮುಗಿಯುತ್ತಾರೆ. ತಾವು ಬರೆದ ಕಾಗದಕ್ಕೆ ಶಿವನ ರುಜು ಹಾಕಿಸಿಕೊಂಡಂತಾಯಿತು, ಅಷ್ಟೆ.

ಲಿಂಗವಂತನಿಗೆ ಹೂವಿನ ಅಪ್ಪಣೆ ಬೇಕಾಗಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿದೆ, ಒಳಗೆ ಅರಿವು ಇದೆ, ಕಣ್ಣೆದುರಿಗೆ ಜಂಗಮವಿದೆ. ಇಷ್ಟಿದ್ದೂ 'ಬುದ್ಧಿ, ದೇವರು ನಮಗೆ ದಾರಿ ತೋರಿಸಲೊಲ್ಲ' ಎಂದು ಭಕ್ತರು ನಮ್ಮಲ್ಲಿ ಹೇಳಿಕೊಳ್ಳುವುದುಂಟು. ವಿಚಾರಿಸಿ ನೋಡಿದರೆ ಎಷ್ಟೋ ಸಲ ದಾರಿ ಕಂಡೇ ಇರುತ್ತದೆ. ಆ ದಾರಿಯಲ್ಲಿ ನಡೆಯಲು ಮನಸ್ಸಿಲ್ಲದ್ದರಿಂದ ಬೇರೊಂದು ದಾರಿಯನ್ನು ಕೇಳುತ್ತಿರುತ್ತಾರೆ.

ಇದು ಸಾಮಾನ್ಯರ ಪಾಡು ಮಾತ್ರವೆಂದು ತಿಳಿಯಬೇಡಿ. 15ನೆಯ ಶತಮಾನದಲ್ಲಿ, ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಶೂನ್ಯಸಂಪಾದನೆಯನ್ನು ತೆರೆದು ನೋಡಿ. ಅಲ್ಲಮಪ್ರಭುಗಳು ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ, ಬರುತ್ತಾರೆ. ಅಲ್ಲಿ ಸಿದ್ಧರಾಮರು ಕೆರೆ ತೋಡಿಸುತ್ತಿದ್ದಾರೆ. ಅದೇನು ಕೆಟ್ಟ ಕೆಲಸವೇ? ಊರಿಗೆ ನೀರು ಕೊಡುವುದಕ್ಕಿಂತ ದೊಡ್ಡ ಧರ್ಮ ಯಾವುದು? ಆದರೆ ಪ್ರಭುಗಳು ಮಣ್ಣು ಹೊರುವ ಆಳನ್ನು ಕರೆದಂತೆ ಏಕವಚನದಲ್ಲಿ ಅವರನ್ನು ಕೂಗಿದರು. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರು. ಸಿದ್ಧರಾಮರು ತಾವೂ ಕೋಪದಿಂದ ಉರಿಯುತ್ತ ಬಂದರು. 'ನಾನು ಕಟ್ಟಿಸಿದ್ದು' ಎಂಬ ಭಾವ ಆ ಕೆರೆಯ ತಳದಲ್ಲಿ ಕುಳಿತಿತ್ತು. ಅದನ್ನು ಮುಟ್ಟಿದ್ದಕ್ಕೇ ಅಷ್ಟು ಉರಿ. ಉರಿ ಆರಿದ ಮೇಲೆ ಪ್ರಭುಗಳ ಸಂಗಡ ಕಲ್ಯಾಣಕ್ಕೆ ಹೊರಟರು. ಅಲ್ಲಿಯೂ ಒಮ್ಮೆಗೇ ಒಪ್ಪಿದವರಲ್ಲ. ಯೋಗಸಿದ್ಧನಿಗೆ ಮೈಮೇಲೆ ಲಿಂಗವೇಕೆ ಎಂಬ ವಾದ ದೀರ್ಘವಾಗಿ ನಡೆಯಿತು. ಕೊನೆಗೆ, ಪ್ರಾಯದಲ್ಲಿ ಎಳೆಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು.

ಇನ್ನು ಬಸವಣ್ಣನವರ ವಿಷಯ. ಪ್ರಭುಗಳೂ ಸಿದ್ಧರಾಮರೂ ಮಹಾಮನೆಯ ಬಾಗಿಲಿಗೆ ಬಂದಾಗ ಅವರು ಲಿಂಗಪೂಜೆಯಲ್ಲಿದ್ದರು. ಹಡಪದ ಅಪ್ಪಣ್ಣನವರು ಸುದ್ದಿ ತಂದರೆ, ಒಳಗೆ ಕರೆತರಲು ಅವರನ್ನೇ ಕಳುಹಿಸಿದರು; ತಾವು ಏಳಲಿಲ್ಲ. ಪ್ರಭುಗಳು ಒಳಗೆ ಬರಲಿಲ್ಲ. ಜಂಗಮವನ್ನು ಬಾಗಿಲಲ್ಲಿ ನಿಲ್ಲಿಸಿ ಮಾಡುವ ಪೂಜೆ ಯಾರಿಗೆ ಸಲ್ಲುತ್ತದೆ ಎಂದು ಚೆನ್ನಬಸವಣ್ಣನವರು ತಿಳಿಹೇಳಿದಾಗ ಬಸವಣ್ಣನವರು ಎದ್ದು ಹೊರಗೆ ಓಡಿಬಂದರು. ಈ ಪ್ರಸಂಗವನ್ನು ನಮ್ಮ ಹಿರಿಯರು ಮುಚ್ಚಿಡದೆ ಬರೆದಿಟ್ಟರಲ್ಲ, ಅದು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಶಿವನ ಕರೆಗೆ ಅಡ್ಡ ಬಂದದ್ದು ಪಾಪವಲ್ಲ, ಪೂಜೆ!

ಇಂದು ನಮ್ಮ ಮನೆಗಳ ಬಾಗಿಲಲ್ಲಿ ನಿಂತಿರುವವರು ಯಾರು? ಒಡಹುಟ್ಟಿದ ತಂಗಿಯನ್ನೇ ತೆಗೆದುಕೊಳ್ಳಿ. ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಉಂಟೆಂದು 2005ರ ಕಾಯಿದೆ ತಿದ್ದುಪಡಿ ಹೇಳಿತು. ಗಂಡು ಹೆಣ್ಣೆಂಬ ಭೇದವಿಲ್ಲದೆ ಲಿಂಗದೀಕ್ಷೆ ಕೊಟ್ಟ ಶರಣಧರ್ಮಕ್ಕೆ ಇದು ಹೊಸ ಮಾತೇ ಅಲ್ಲ. ಆದರೂ ಪಂಚಮಿಗೆ ತವರಿಗೆ ಬಂದ ತಂಗಿಗೆ ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡು, ಮರುದಿನ ಮಠಕ್ಕೆ ಬಂದು ದಾಸೋಹಕ್ಕೆ ಅಕ್ಕಿ ಕೊಡುವವರಿದ್ದಾರೆ. ಆ ಅಕ್ಕಿಯನ್ನು ಏನೆಂದು ಸ್ವೀಕರಿಸೋಣ? 'ಅವಳೇ ಬೇಡವೆಂದಳು' ಎನ್ನುತ್ತಾರೆ. ತವರು ತಪ್ಪೀತೆಂಬ ಭಯದಿಂದ ಬೇಡವೆಂದಳೋ, ನಿಜವಾಗಿ ಬೇಡವಾಗಿತ್ತೋ, ಅದು ಅಣ್ಣನ ಒಳಗಿನ ಅರಿವಿಗೆ ಗೊತ್ತಿದೆ.

ಹಾಗಾದರೆ ಒಳಗೆ ಎದ್ದ ದನಿಯೆಲ್ಲ ಶಿವನದೇ? ಅಲ್ಲ. ಆಸೆಯೂ ಒಳಗಿನಿಂದಲೇ ಮಾತಾಡುತ್ತದೆ, ಸಿಟ್ಟೂ ಅಲ್ಲಿಂದಲೇ. ನಾವು ನೋಡುವುದು ಇಷ್ಟು: ಆ ಮಾತಿನಂತೆ ನಡೆದರೆ ನಷ್ಟ ಯಾರಿಗೆ? ನನಗೆ ಲಾಭ, ಇನ್ನೊಬ್ಬರಿಗೆ ನಷ್ಟವಾದರೆ ಆ ಮಾತನ್ನು ಹತ್ತು ಸಲ ಸಂಶಯಿಸಬೇಕು, ಹಿರಿಯರಲ್ಲಿ ಕೇಳಬೇಕು. ಕೇಳಿದ ಮಾತ್ರಕ್ಕೆ ಬುದ್ಧಿಯನ್ನು ಒತ್ತೆಯಿಟ್ಟಂತೆ ಆಗುವುದಿಲ್ಲ. ಇಲ್ಲೇ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗನ್ನು ನೋಡಿ. ಮಹಾಸಾಗರಗಳನ್ನು ದಾಟಿ ಬಂದ ಕಪ್ತಾನನೂ ಕೊನೆಯ ಹಾದಿಗೆ ಬಂದರಿನ ಪೈಲಟ್‌ನನ್ನು ಹತ್ತಿಸಿಕೊಳ್ಳುತ್ತಾನೆ, ಅವನು ತೋರಿಸಿದ ಕಾಲುವೆಯಲ್ಲೇ ಹಡಗನ್ನು ತರುತ್ತಾನೆ. ಹಡಗಿನ ಹೊಣೆ ಮಾತ್ರ ಕಪ್ತಾನನ ಮೇಲೆಯೇ ಇರುತ್ತದೆ.

ನಷ್ಟವನ್ನು ತಾನೇ ಹೊತ್ತು ಕೇಳಿದವರು ಈ ಮಂಗಳೂರಿನಲ್ಲೇ ಇದ್ದರು. ಕುದ್ಮುಲ್ ರಂಗರಾಯರು, 1859ರಲ್ಲಿ ಹುಟ್ಟಿದವರು, ಸಾರಸ್ವತ ಬ್ರಾಹ್ಮಣರು, ವಕೀಲರು. ನಮ್ಮ ಮಠದವರಲ್ಲ, ನಮ್ಮ ಮತದವರೂ ಅಲ್ಲ. ಶರಣರ ನಡೆ ಎಲ್ಲಿ ಕಂಡರೂ ಅದು ಶರಣರದೇ. ಅಸ್ಪೃಶ್ಯರೆಂದು ದೂರವಿಟ್ಟ ಮಕ್ಕಳು ಅಕ್ಷರ ಕಲಿಯಬೇಕೆಂಬುದು ಅವರಿಗೆ ಕೇಳಿಸಿದ ಮಾತು. ಅದು ಊರಿನ ಎಷ್ಟೋ ಜನಕ್ಕೆ ಕೇಳಿಸಿದ್ದೀತು. ಇವರು 1892ರಲ್ಲಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ವಕೀಲರಾಗಿ ಗೌರವದಿಂದ ಬದುಕಬಹುದಾಗಿದ್ದವರು ಅದೆಲ್ಲವನ್ನೂ ನುಂಗಿಕೊಂಡು, 1928ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ.

ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನಿಂದೆದ್ದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಬಯಕೆಯಾಗಿತ್ತೆಂದು ಈ ಊರಿನವರು ಇಂದಿಗೂ ಹೇಳುತ್ತಾರೆ. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ನಿಮ್ಮಲ್ಲಿ ಬಹಳ ಮಂದಿ ಅದರ ಮುಂದಿನಿಂದಲೇ ಇಲ್ಲಿಗೆ ಬಂದಿರಬಹುದು.