ಕುತ್ತಿಗೆಯ ಗಂಟು: ವರದಿ ಬರುವ ತನಕ

ತಲೆ ಬಾಚುವಾಗಲೋ ಸ್ನಾನ ಮಾಡುವಾಗಲೋ ಕುತ್ತಿಗೆಯ ಬದಿಯಲ್ಲಿ ಕಡಲೆಕಾಳಿನಷ್ಟು ಗಂಟೊಂದು ಕೈಗೆ ತಗಲುತ್ತದೆ. ನೋವಿಲ್ಲ. ಮೂರು ವಾರ ಕಳೆದರೂ ಕರಗುವುದಿಲ್ಲ. ವೈದ್ಯರು ಮುಟ್ಟಿ ನೋಡಿ ಸೂಜಿ ಪರೀಕ್ಷೆಗೆ ಬರೆದುಕೊಡುತ್ತಾರೆ. ಅಂದಿನಿಂದ ಮನೆಯಲ್ಲಿ ಯಾರಿಗೂ ಊಟ ರುಚಿಸುವುದಿಲ್ಲ. ‘ವರದಿ ತಡವಾಯಿತೆಂದರೆ ಏನೋ ಕೆಟ್ಟದ್ದೇ ಇರಬೇಕು’ ಎಂಬ ಪಿಸುಮಾತು ಮಕ್ಕಳ ಕಿವಿಗೂ ಬೀಳುತ್ತದೆ.

ಈ ಊಹೆಗೆ ಆಧಾರವಿಲ್ಲ. ವರದಿಯ ದಿನವನ್ನು ನಿರ್ಧರಿಸುವುದು ಬಹುಮಟ್ಟಿಗೆ ಪರೀಕ್ಷೆಯ ವಿಧಾನ.

ನಮ್ಮ ದೇಹದಲ್ಲಿ 500ಕ್ಕೂ ಹೆಚ್ಚು ದುಗ್ಧರಸ ಗ್ರಂಥಿಗಳಿವೆ. ಅವುಗಳಲ್ಲಿ ದೊಡ್ಡ ಪಾಲು ಇರುವುದು ಕುತ್ತಿಗೆಯಲ್ಲಿ. ಗಂಟಲು, ಹಲ್ಲು, ಕಿವಿ, ನೆತ್ತಿಯಲ್ಲಿ ಸೋಂಕಾದಾಗ ಈ ಗ್ರಂಥಿಗಳು ರೋಗಾಣುಗಳನ್ನು ತಡೆದು ಹೋರಾಡುತ್ತವೆ, ಊದಿಕೊಳ್ಳುತ್ತವೆ. ಮಕ್ಕಳಲ್ಲಿ ಕಾಣುವ ಹೆಚ್ಚಿನ ಗಂಟುಗಳು ಇಂಥವೇ. ನಮ್ಮ ದೇಶದಲ್ಲಿ ಕ್ಷಯವೂ ಒಂದು ಮುಖ್ಯ ಕಾರಣ. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದುದು ಬಹುಪಾಲು ಇದನ್ನೇ. ಕ್ಯಾನ್ಸರ್ ಕಾರಣವಾಗುವುದು ಕಡಿಮೆ. ಆದರೆ ಅದನ್ನು ಮುಟ್ಟಿ ಮಾತ್ರ ಹೇಳಲಾಗದು. ಪರೀಕ್ಷೆ ಬೇಕಾಗುವುದು ಅದಕ್ಕೇ.

ಸೂಜಿ ಪರೀಕ್ಷೆಯಲ್ಲಿ ತೆಳುವಾದ ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂದು ಹಲವರು ಹೆದರುತ್ತಾರೆ. ಹಾಗಾಗುವುದು ತೀರಾ ವಿರಳ. ಇದರ ವರದಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಸಿಗುತ್ತದೆ. ಜೀವಕೋಶಗಳು ಸಾಕಷ್ಟು ಸಿಗದಿದ್ದರೆ ಮತ್ತೊಮ್ಮೆ ಕರೆಯುತ್ತಾರೆ. ಅದರಲ್ಲಿ ಬೇರೆ ಅರ್ಥ ಹುಡುಕಬೇಕಿಲ್ಲ.

ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಿದರೆ ಕೆಲಸ ಹೆಚ್ಚು. ಅದನ್ನು ಮೊದಲು ಫಾರ್ಮಲಿನ್‌ನಲ್ಲಿ ನೆನೆಸಿಡಬೇಕು. ಬಳಿಕ ಆಲ್ಕೋಹಾಲಿನಿಂದ ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದ ನಾಲ್ಕೈದು ಭಾಗದಷ್ಟೇ ದಪ್ಪದ ಪದರಗಳಾಗಿ ಕತ್ತರಿಸಬೇಕು. ವಿಶೇಷ ಬಣ್ಣಗಳು ಬೇಕಾದರೆ ಇನ್ನಷ್ಟು ದಿನ ಹಿಡಿಯುತ್ತದೆ.

ಕ್ಷಯದ ಲೆಕ್ಕವೇ ಬೇರೆ. ಕರುಳಿನಲ್ಲಿರುವ ಇ-ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, 1882ರಲ್ಲಿ ರಾಬರ್ಟ್ ಕಾಕ್ ಪತ್ತೆಹಚ್ಚಿದ ಕ್ಷಯಾಣುವಿಗೆ ಸುಮಾರು 20 ಗಂಟೆ ಬೇಕು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ವಾರಗಳೇ ಹಿಡಿಯುತ್ತವೆ. ಜೀನ್ ಆಧಾರಿತ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಮುಗಿದರೂ ಬೆಳೆಸುವ ಪರೀಕ್ಷೆಯನ್ನು ಅದು ಪೂರ್ತಿ ಬದಲಿಸಿಲ್ಲ.

ಕಾಯುವ ದಿನಗಳಲ್ಲಿ ಏನು ಮಾಡಬೇಕು? ವರದಿ ಯಾವ ದಿನ, ಯಾರಲ್ಲಿ ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಿ. ಆ ದಿನ ದಾಟಿದರೆ ವಿಚಾರಿಸಿ. ಸಂದೇಹಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಗಂಟನ್ನು ಪದೇ ಪದೇ ಒತ್ತಿ ನೋಡಬೇಡಿ. ಶಾಖ, ಲೇಪ, ಮನೆಯಲ್ಲಿ ಉಳಿದಿರುವ ಮಾತ್ರೆಗಳ ಪ್ರಯೋಗ ಬೇಡ. ಸ್ಟಿರಾಯ್ಡ್ ಮಾತ್ರೆಯಂತೂ ಕೆಲವು ರೋಗಗಳ ಗುರುತನ್ನೇ ಮರೆಮಾಡಬಲ್ಲದು. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ, ಗಂಟು ಬೇಗಬೇಗನೆ ದೊಡ್ಡದಾದರೆ ವರದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ವಿದ್ಯಾರ್ಥಿಗಳು ಶಾಲೆ ಬಿಡಬೇಕಿಲ್ಲ. ಓದು, ಆಟ, ಗೆಳೆಯರ ಒಡನಾಟ ಇದ್ದರೆ ಹೊತ್ತು ಸಾಗುತ್ತದೆ. ನಂಬಿಕೆಯ ಶಿಕ್ಷಕರೊಬ್ಬರಿಗೆ ವಿಷಯ ತಿಳಿಸಿದರೆ ಪರೀಕ್ಷೆಯ ಹೊರೆಯೂ ಹಗುರಾದೀತು.

ತಂದೆತಾಯಿಗಳು ಮಕ್ಕಳಿಂದ ಮುಚ್ಚಿಡಬಾರದು. ‘ಏನೂ ಇಲ್ಲ’ ಎನ್ನುತ್ತಾ ಕಣ್ಣೊರೆಸಿಕೊಳ್ಳುವುದನ್ನು ಮಕ್ಕಳು ಗಮನಿಸುತ್ತಾರೆ. ‘ಏನೆಂದು ಇನ್ನೂ ಗೊತ್ತಿಲ್ಲ. ಗೊತ್ತಾದ ದಿನವೇ ನಿನಗೂ ಹೇಳುತ್ತೇವೆ’ ಎಂಬ ಮಾತು ಹೆಚ್ಚು ಧೈರ್ಯ ಕೊಡುತ್ತದೆ.

ಬಂದ ಉತ್ತರ ಕ್ಷಯವೆಂದಾದರೂ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆಯಿಂದ ಗುಣವಾಗುತ್ತದೆ. ಹರೆಯದವರನ್ನು ಕಾಡುವ ಹಾಡ್ಜ್‌ಕಿನ್ ಕಾಯಿಲೆಯೆಂಬ ಕ್ಯಾನ್ಸರ್ ಕೂಡ ಇಂದು ಸರಿಯಾದ ಚಿಕಿತ್ಸೆ ಪಡೆದ ಬಹುತೇಕರಲ್ಲಿ ವಾಸಿಯಾಗುತ್ತದೆ. ಅಪಾಯ ಹೆಚ್ಚುವುದು ಉತ್ತರಕ್ಕೆ ಹೆದರಿ ಪರೀಕ್ಷೆಯನ್ನೇ ಮುಂದೂಡಿದಾಗ.