ಕಡಲು ದಾಟುವ ಕಾರುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬೆಳೆದವರಿಗೆ ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕಿ ನೋಡುವ ಅಭ್ಯಾಸವುಂಟು. ಎಳನೀರಾದರೆ ಒಳಗೆ ನೀರು ತುಂಬಿ ನಿಂತಿರುವುದರಿಂದ ಸದ್ದೇ ಇಲ್ಲ. ಬಲಿತ ಕಾಯಿಯಾದರೆ ಅರೆತುಂಬಿದ ನೀರು ಕುಲುಕುವುದು ಕೇಳಿಸುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ನೀರೆಲ್ಲ ಇಂಗಿದ ಕಾಯಿಯಲ್ಲಾದರೋ ಉಂಡೆ ಕೊಬ್ಬರಿಯು ಕರಟವನ್ನು ಬಿಟ್ಟು ಗಡಗಡನೆ ಉರುಳುತ್ತದೆ. ಈ ಮೂರು ಕಾಯಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಾರಿನಲ್ಲಿ ಹಲವು ದೇಶಗಳನ್ನು ಸುತ್ತಿ, ನಡುನಡುವೆ ಕಡಲನ್ನೂ ದಾಟಬೇಕೆನ್ನುವವನಿಗೆ ಅವು ದೊಡ್ಡದೊಂದು ಪಾಠವನ್ನು ಹೇಳಬಲ್ಲವು.

ನೀರು ಅಡ್ಡಬಂದಾಗ ವಾಹನವನ್ನೇ ಹಡಗಿಗೆ ಏರಿಸುವುದು ನಮ್ಮ ನಾಡಿಗೆ ಹೊಸತಲ್ಲ. ತಿಪಟೂರಿನಿಂದ ಅರಸೀಕೆರೆ, ಶಿವಮೊಗ್ಗಗಳ ಮೂಲಕ ಸಾಗರ ಪಟ್ಟಣವನ್ನು ಸೇರಿ ಸಿಗಂದೂರಿಗೆ ಹೋಗುವವರಿಗೆ ಶರಾವತಿಯ ಹಿನ್ನೀರು ಎದುರಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಹರಡಿದ ಈ ನೀರನ್ನು ಬಸ್ಸು ಕಾರುಗಳು ಲಾಂಚಿನ ಮೇಲೆ ನಿಂತು ದಾಟುತ್ತಿದ್ದವು. 2025ರ ಜುಲೈ ತಿಂಗಳಲ್ಲಿ ಅಲ್ಲಿ ಸೇತುವೆ ತೆರೆಯಿತು. ಆದರೆ ಸೇತುವೆ ಕಟ್ಟಲಾಗದಷ್ಟು ಅಗಲವಾದ ಕಡಲುಗಳು ಲೋಕದಲ್ಲಿ ಹಲವುಂಟು.

ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಸೀಮೆಯ ವಿದ್ಯಾರ್ಥಿಯೊಬ್ಬನು ಬಾಲ್ಟಿಕ್ ಸಮುದ್ರವನ್ನು ಕಾರಿನಲ್ಲಿ ಸುತ್ತಿಬರಲು ಬಯಸಿದನೆಂದು ಭಾವಿಸೋಣ. ಅವನು ಹ್ಯಾಂಬರ್ಗಿನಿಂದ ಹೊರಟು ಪುಟ್‌ಗಾರ್ಡನ್ ಎಂಬಲ್ಲಿ ಹಡಗೇರಿದರೆ ಮುಕ್ಕಾಲು ಗಂಟೆಯಲ್ಲಿ ಡೆನ್ಮಾರ್ಕ್. ಅಲ್ಲಿಯ ಹೆಲ್ಸಿಂಗೋರಿನಿಂದ ಕೇವಲ 20 ನಿಮಿಷಗಳಲ್ಲಿ ಸ್ವೀಡನ್. ಸ್ಟಾಕ್‌ಹೋಮಿನಿಂದ ಫಿನ್ಲೆಂಡಿನ ಟುರ್ಕುವಿಗೆ ಸುಮಾರು 11 ಗಂಟೆ. ಹೆಲ್ಸಿಂಕಿಯಿಂದ ಎಸ್ಟೋನಿಯದ ಟ್ಯಾಲಿನ್ನಿಗೆ ಸುಮಾರು 80 ಕಿಲೋಮೀಟರು. ಅದಕ್ಕೆ ಎರಡು ಗಂಟೆಯಷ್ಟು ಕಾಲ. ಮುಂದೆ ಲ್ಯಾಟ್ವಿಯ, ಲಿಥುವೇನಿಯ, ಪೋಲೆಂಡುಗಳನ್ನು ಹಾದು ಮರಳಿ ಜರ್ಮನಿ. ಹೀಗೆ ಎಂಟು ದೇಶಗಳು, ನಾಲ್ಕು ಕಡಲದಾಟುಗಳು. ಎಂಟೂ ದೇಶಗಳು ಷೆಂಗೆನ್ ಒಪ್ಪಂದಕ್ಕೆ ಸೇರಿದವಾದುದರಿಂದ ದೇಶಕ್ಕೊಂದರಂತೆ ವೀಸಾ ಪಡೆಯಬೇಕಾಗಿಲ್ಲ.

ಇಂಥ ಪ್ರವಾಸದ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು? ರಸ್ತೆಯಿಂದಲ್ಲ, ಹಡಗಿನಿಂದ. ರಸ್ತೆಯು ಯಾವ ವೇಳೆಯಲ್ಲಿ ಬಂದರೂ ದಾರಿ ಕೊಡುತ್ತದೆ. ಹಡಗು ತನ್ನ ಗಳಿಗೆಗೆ ಹೊರಟುಬಿಡುತ್ತದೆ. ಆದುದರಿಂದ ನಾಲ್ಕು ಹಡಗುಗಳ ವೇಳೆಯನ್ನು ಮೊದಲು ಗೊತ್ತುಮಾಡಿ, ನಡುವಣ ದಿನಗಳನ್ನು ರಸ್ತೆಗೆ ಹಂಚಬೇಕು. ಫಿನ್ಲೆಂಡಿನ ಗಡಿಯಾರವು ಸ್ವೀಡನ್ನಿನದಕ್ಕಿಂತ ಒಂದು ಗಂಟೆ ಮುಂದಿರುವುದನ್ನೂ ಮರೆಯಬಾರದು. ಟಿಕೆಟು ಕೊಳ್ಳುವಾಗ ಕಾರಿನ ಉದ್ದ, ಎತ್ತರಗಳನ್ನು ಸರಿಯಾಗಿ ತಿಳಿಸಬೇಕು. ಹಡಗಿನವರು ಅಳತೆ ನೋಡಿಯೇ ಪ್ರತಿ ವಾಹನಕ್ಕೂ ಸ್ಥಳ ಗೊತ್ತುಮಾಡುತ್ತಾರೆ.

ಇನ್ನು ನಮ್ಮ ಕಾಯಿಗಳ ವಿಚಾರ. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದಲ್ಲಿ ಹೆಚ್ಚು ಭಾಗ ಮುಳುಗುತ್ತದೆ. ಅಲ್ಲಿ ನೀರಿನ ಮೇಲೊತ್ತು ಹೆಚ್ಚಿ ಹಡಗು ಪುನಃ ನೆಟ್ಟಗಾಗುತ್ತದೆ. ಆದರೆ ಹಡಗಿನೊಳಗೆ ಅರೆತುಂಬಿದ ನೀರಿದ್ದರೆ? ಅದೂ ವಾಲಿದ ಪಕ್ಕಕ್ಕೇ ಹರಿದು, ಹಡಗಿನ ಗುರುತ್ವಕೇಂದ್ರವನ್ನು ಅತ್ತಲೇ ಎಳೆಯುತ್ತದೆ. ನೆಟ್ಟಗಾಗುವ ಶಕ್ತಿ ಕುಂದುತ್ತದೆ. ಚೊಂಬಿನಲ್ಲಿ ನೀರು ಹೊತ್ತು ನಡೆಯುವುದು ಸುಲಭ. ಅಷ್ಟೇ ನೀರನ್ನು ಅಗಲವಾದ ಹರಿವಾಣದಲ್ಲಿ ಹೊತ್ತು ನಡೆದು ನೋಡಿದರೆ ಈ ಮಾತು ಮನದಟ್ಟಾಗುವುದು. ತೊಟ್ಟಿಯ ಅಗಲ ಎರಡರಷ್ಟಾದರೆ ಈ ದೋಷ ಎಂಟರಷ್ಟಾಗುತ್ತದೆ. ತೊಟ್ಟಿಯ ನಡುವೆ ಉದ್ದಕ್ಕೂ ಒಂದು ಗೋಡೆಯನ್ನಿಟ್ಟರೆ ದೋಷ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಹಡಗಿನ ತೊಟ್ಟಿಗಳನ್ನು ಸಾಧ್ಯವಾದಷ್ಟು ಎಳನೀರಿನಂತೆ ತುಂಬಿಡುತ್ತಾರೆ, ಇಲ್ಲವೇ ಪೂರ್ತಿ ಬರಿದುಮಾಡುತ್ತಾರೆ.

ಕಾರು ಹೊರುವ ಹಡಗಿನ ಸಂಕಟ ಇಲ್ಲಿಯೇ ಇದೆ. ಕಾರುಗಳು ಒಂದು ಕೊನೆಯಲ್ಲಿ ಒಳಹೊಕ್ಕು ಇನ್ನೊಂದು ಕೊನೆಯಲ್ಲಿ ಹೊರಬರಬೇಕಾದರೆ ಅವು ನಿಲ್ಲುವ ಅಂತಸ್ತು ಗೋಡೆಗಳಿಲ್ಲದ ಬಯಲಾಗಿರಬೇಕು. 100 ಮೀಟರು ಉದ್ದ, 20 ಮೀಟರು ಅಗಲದ ಅಂತಸ್ತಿನಲ್ಲಿ ಗೇಣುದ್ದಕ್ಕಿಂತ ಕಡಿಮೆ, ಅಂದರೆ 10 ಸೆಂಟಿಮೀಟರು ನೀರು ನಿಂತರೂ ಅದರ ತೂಕ 200 ಟನ್ನು! 1987ರ ಮಾರ್ಚ್ 6ರಂದು ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಬೆಲ್ಜಿಯಮಿನ ಬಂದರಿನಿಂದ ಮುಂಬಾಗಿಲನ್ನು ಮುಚ್ಚದೆಯೇ ಹೊರಟಿತು. ನೀರು ಒಳನುಗ್ಗಿ ಕೆಲವೇ ನಿಮಿಷಗಳಲ್ಲಿ ಹಡಗು ಮಗುಚಿ 193 ಜನರು ಸತ್ತರು. 1994ರ ಸೆಪ್ಟೆಂಬರ್ 28ರ ರಾತ್ರಿ ಇದೇ ಬಾಲ್ಟಿಕ್ ಸಮುದ್ರದ ಬಿರುಗಾಳಿಯಲ್ಲಿ ‘ಎಸ್ಟೋನಿಯ’ ಹಡಗಿನ ಮೂತಿಯ ಮುಚ್ಚಳ ಕಿತ್ತುಹೋಗಿ 852 ಜನರು ಪ್ರಾಣ ಕಳೆದುಕೊಂಡರು. ಆ ಬಳಿಕ, 1996ರಲ್ಲಿ, ಉತ್ತರ ಯೂರೋಪಿನ ದೇಶಗಳು ಕಟ್ಟುನಿಟ್ಟಾದ ನಿಯಮವನ್ನು ಮಾಡಿಕೊಂಡವು: ಹಡಗಿಗೆ ಹಾನಿಯಾದಾಗ ಕಾರಿನ ಅಂತಸ್ತಿನಲ್ಲಿ ಅರ್ಧ ಮೀಟರಿನಷ್ಟು ನೀರು ನಿಂತರೂ ಅದು ಮಗುಚದಿರುವಂತೆ ನಿರ್ಮಿತವಾಗಿರಬೇಕು, ಅಲೆಗಳು ಚಿಕ್ಕವಾದ ಕಡಲಿಗೆ ಮಾತ್ರ ಸ್ವಲ್ಪ ವಿನಾಯಿತಿ.

ಮೂರನೆಯದು ಕೊಬ್ಬರಿಯ ಪಾಠ. ಕಟ್ಟದೆ ಬಿಟ್ಟ ಲಾರಿಯು ಹಡಗು ವಾಲಿದಾಗ ಕರಟದೊಳಗಿನ ಉಂಡೆಯಂತೆ ಜಾರಿ ಪಕ್ಕದ ವಾಹನಗಳ ಮೇಲೆ ಬೀಳುವುದು. ಅದಕ್ಕಾಗಿಯೇ ಭಾರವಾದ ಲಾರಿಗಳನ್ನು ಸರಪಣಿಗಳಿಂದ ಬಿಗಿಯುತ್ತಾರೆ. ಕಾರಿನವರು ಗೇರಿನಲ್ಲಿ ನಿಲ್ಲಿಸಿ ಕೈಬ್ರೇಕನ್ನು ಎಳೆಯಬೇಕು. ಪ್ರಯಾಣಿಕರೆಲ್ಲರೂ ಕಾರುಗಳನ್ನು ಬಿಟ್ಟು ಮೇಲಂತಸ್ತಿಗೆ ಹೋಗಬೇಕು. ನೀರು ನುಗ್ಗಿದರೆ ಅಥವಾ ಬೆಂಕಿ ಬಿದ್ದರೆ ಕೆಳಗಿನವರಿಗೆ ಪಾರಾಗುವ ದಾರಿ ಬಹಳ ಕಿರಿದು.

ಹಡಗಿನವರ ಕಟ್ಟಳೆಗಳು ತೀರ ಸಣ್ಣವೆಂದು ಪ್ರವಾಸಿಗೆ ತೋರಬಹುದು. ಆದರೆ ಒಂದೊಂದರ ಹಿಂದೆಯೂ ಒಂದು ಭೌತ ನಿಯಮವಿದೆ. ಕೆಲವದರ ಹಿಂದೆ ನೂರಾರು ಜನರ ಸಾವೂ ಇದೆ. ಮುಂದಿನ ಬಾರಿ ಅಟ್ಟದ ಮೇಲಿನ ಕಾಯಿಯನ್ನು ಕುಲುಕುವಾಗ ನಮ್ಮ ತರುಣ ವಾಚಕರು ಒಮ್ಮೆ ಇದನ್ನು ನೆನೆಯಲಿ.