ಮರದ ಬಣ್ಣ ಬಳಿದ ತಗಡಿನ ಗಾಡಿ: ಜೀಪಿನ ತಮ್ಮನ ಕತೆ

ಮಲೆನಾಡು, ಕರಾವಳಿಯ ಕೃಷಿಕರಿಗೆ ಜೀಪಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಗೊಬ್ಬರ, ಆಳು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ಗಾಡಿ ಅದು. ಮುಂಬಯಿಯ ಮಹೀಂದ್ರದವರು 1940ರ ದಶಕದ ಕೊನೆಗೆ ಬಿಡಿಭಾಗ ತರಿಸಿ ಜೋಡಿಸತೊಡಗಿದ್ದು ಅಮೆರಿಕದ ವಿಲ್ಲಿಸ್ ಕಂಪೆನಿಯ ಜೀಪನ್ನು. ಇದೇ ವಿಲ್ಲಿಸ್ ತನ್ನ ಊರಿನಲ್ಲಿ ಜೀಪಿನ ಇಂಜಿನನ್ನೇ ಇಟ್ಟು ಸಂಸಾರಕ್ಕೆಂದು ಇನ್ನೊಂದು ಗಾಡಿ ಮಾಡಿತ್ತು. ಹೆಸರು ಜೀಪ್ ಸ್ಟೇಷನ್ ವ್ಯಾಗನ್. ನಮ್ಮಲ್ಲಿ ಅದರ ಸುದ್ದಿ ಗೊತ್ತಿರುವವರು ಕಮ್ಮಿ.

ಮರಗೆಲಸದ ಕಾಲ

ಸ್ಟೇಷನ್ ವ್ಯಾಗನ್ ಎಂದರೆ ರೈಲು ಸ್ಟೇಷನ್ನಿನಿಂದ ಜನರನ್ನೂ ಪೆಟ್ಟಿಗೆಗಳನ್ನೂ ಒಟ್ಟಿಗೆ ತರುವ ಗಾಡಿ. ಮೊದಮೊದಲು ಕಾರು ಕಂಪೆನಿಯವರು ಚಾಸಿ, ಇಂಜಿನ್ ಕೊಡುತ್ತಿದ್ದರು. ಮೇಲಿನ ಮೈಯನ್ನು ಬಡಗಿಗಳು ಕಟ್ಟುತ್ತಿದ್ದರು. 1929ರಲ್ಲಿ ಫೋರ್ಡ್ ತಾನೇ ಮಾಡಿ ಮಾರತೊಡಗಿತು. ಆಗಲೂ ಮೈ ಮರದ್ದೇ. ನೋಡಲು ಚಂದ, ಆದರೆ ಕೈಕೆಲಸ ಜಾಸ್ತಿ, ಹಾಗಾಗಿ ತುಟ್ಟಿ. ಸಾಲದ್ದಕ್ಕೆ ಆಗಾಗ ಉಜ್ಜಿ ವಾರ್ನಿಶ್ ಹೊಡೆಯುತ್ತಿರಬೇಕು. ಮಳೆಗಾಲದಲ್ಲಿ ಬಿಗಿದು ಬೇಸಗೆಯಲ್ಲಿ ಸಡಿಲಾಗುವ ಬಾಗಿಲಿನ ಪಾಡು ನಮಗೆ ಗೊತ್ತಲ್ಲ. ಅಂಥ ನಾಲ್ಕು ಬಾಗಿಲನ್ನು ಚಕ್ರದ ಮೇಲಿಟ್ಟು ಕಲ್ಲುರಸ್ತೆಯಲ್ಲಿ ಓಡಿಸಿದರೆ ಹೇಗಿದ್ದೀತು? ಗಾಡಿ ಕೊಂಡದ್ದಕ್ಕಿಂತ ಸಾಕಿದ್ದೇ ಭಾರ.

ಆರೇ ಇಂಚು!

1945ರಲ್ಲಿ ಯುದ್ಧ ಮುಗಿಯಿತು. ಓಹಾಯೋ ರಾಜ್ಯದ ಟೊಲಿಡೊ ಪಟ್ಟಣದ ವಿಲ್ಲಿಸ್, ಸೈನ್ಯಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿ ಕೊಟ್ಟಿತ್ತು. ಇನ್ನು ಯಾರಿಗೆ ಮಾರುವುದು? ಮೊದಲು ಹಿಡಿದದ್ದು ರೈತರನ್ನು. ನೇಗಿಲು ಕಟ್ಟಬಹುದು, ಪವರ್ ಟೇಕಾಫ್‌ನಿಂದ ಯಂತ್ರ ತಿರುಗಿಸಬಹುದು ಎಂದು ಅದೇ ವರ್ಷ ಹೊಲದ ಜೀಪನ್ನು ಹೊರತಂದಿತು. ಆದರೆ ಮಕ್ಕಳುಮರಿ, ಅಜ್ಜಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗಲು ತೆರೆದ ಜೀಪು ಆಗಲಿಕ್ಕಿಲ್ಲ.

ಕಾರು ಮಾಡೋಣವೆಂದರೆ ವಿಲ್ಲಿಸ್‌ಗೆ ಸ್ವಂತ ಬಾಡಿ ಕಾರ್ಖಾನೆ ಇರಲಿಲ್ಲ. ಬಾಡಿ ಮಾಡುವವರ ಕೈತುಂಬ ಆಗ ಬೇರೆಯವರ ಕೆಲಸ. ಕೈಯಲ್ಲಿ ದುಡ್ಡೂ ಕಮ್ಮಿ. ಮಿಲ್ವಾಕಿಯ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ಕಂಡುಕೊಂಡ ದಾರಿಯೇ ಬೇರೆ. ಮನೆಬಳಕೆ ಯಂತ್ರಗಳಿಗೆ ತಗಡು ಒತ್ತಿಕೊಡುವ ಕಾರ್ಖಾನೆಗಳಿಂದಲೇ ಗಾಡಿಯ ಮೈ ಮಾಡಿಸುವುದು! ಒಂದೇ ತೊಡಕು. ಆ ಪ್ರೆಸ್ಸುಗಳು ತಗಡನ್ನು ಆರು ಇಂಚಿಗಿಂತ ಆಳಕ್ಕೆ ಒತ್ತಲಾರವು.

ಸರಿ, ಆರು ಇಂಚಿಗೆ ಹೊಂದುವ ಗಾಡಿಯನ್ನೇ ಅವರು ಬರೆದರು. ಸಪಾಟಾದ ಪಕ್ಕ, ನೆಟ್ಟಗಿನ ಹಿಂಬದಿ, ಜೀಪಿನದೇ ಮೋರೆ. ಗುಂಡಗಿನ ಹೊಟ್ಟೆ ಎಲ್ಲೂ ಇಲ್ಲ. ಪೆಟ್ಟಿಗೆಯಂಥ ಆ ರೂಪ ಹುಟ್ಟಿದ್ದು ಫ್ಯಾಶನ್ನಿನಿಂದಲ್ಲ, ಪ್ರೆಸ್ಸಿನ ಅಳತೆಯಿಂದ. ಅದರಿಂದ ಕೊಂಡವನಿಗೂ ಅನುಕೂಲವೇ ಆಯಿತು. ಒಳಗೆ ಧಾರಾಳ ಜಾಗ. ಸಪಾಟು ತಗಡು ನೆಗ್ಗಿದರೆ ಬಡಿದು ಸರಿಮಾಡುವುದು ಸುಲಭ. ವಾರ್ನಿಶ್ಶಿನ ರಗಳೆ ಇಲ್ಲ.

1946ರ ಜುಲೈಯಲ್ಲಿ ಮಾರಾಟಕ್ಕೆ ಬಂತು. ಏಳು ಜನ ಕೂರಬಹುದು. ಹಿಂದಿನ ಸೀಟು ತೆಗೆದಿಟ್ಟರೆ ಸಾಮಾನಿಗೆ ಜಾಗ. ನಾಲ್ಕು ಸಿಲಿಂಡರಿನ, ಸುಮಾರು 2.2 ಲೀಟರಿನ ಜೀಪ್ ಇಂಜಿನ್. ಪೂರ್ತಿ ಉಕ್ಕಿನ ಮೈಯ ಸ್ಟೇಷನ್ ವ್ಯಾಗನ್ ಅಷ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾದದ್ದು ಅದೇ ಮೊದಲು.

ತಮಾಷೆಯೆಂದರೆ, ಮರದಿಂದ ಬಿಡುಗಡೆ ಕೊಟ್ಟ ಈ ಗಾಡಿಗೆ ಮರದ್ದೇ ವೇಷ! ಮರೂನ್ ಮೈಗೆ ಕೆನೆ ಮತ್ತು ಕಂದು ಬಣ್ಣ ಬಳಿದು ಹಲಗೆ, ಪಟ್ಟಿ ಕಾಣುವಂತೆ ಮಾಡಿದ್ದರು. ಸಿಮೆಂಟ್ ಕಂಬಕ್ಕೆ ಬೀಟೆಯ ಬಣ್ಣ ಹೊಡೆಸುವ ನಾವು ನಗುವಂತಿಲ್ಲ, ಬಿಡಿ.

ಕೊರತೆ ಇಲ್ಲವೆಂದಲ್ಲ. 63 ಅಶ್ವಶಕ್ತಿಯ ಇಂಜಿನ್ ಏಳು ಜನರನ್ನು ಗುಡ್ಡ ಹತ್ತಿಸಬೇಕು. ವೇಗದ ಆಸೆಯವರಿಗೆ ಹೇಳಿಸಿದ್ದಲ್ಲ. 1948ರಲ್ಲಿ ಆರು ಸಿಲಿಂಡರಿನದ್ದೂ ಬಂತು.

ಉಳಿಸಿದ್ದು ಕೆಟ್ಟ ರಸ್ತೆ

1949ರ ಹೊತ್ತಿಗೆ ಪ್ಲಿಮತ್, ಶೆವ್ರೊಲೆಯಂಥ ದೊಡ್ಡವರೂ ಉಕ್ಕಿನ ವ್ಯಾಗನ್ ತಂದರು. ಕಾರಿನಂತೆ ಮೆತ್ತಗೆ ಓಡುವ ಅವುಗಳೆದುರು ವಿಲ್ಲಿಸ್ ನಿಲ್ಲುವುದು ಕಷ್ಟವಿತ್ತು. ಆದರೆ ಅದೇ ವರ್ಷ ವಿಲ್ಲಿಸ್ ತನ್ನ ವ್ಯಾಗನ್ನಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆ ಕೊಟ್ಟಿತು. ಕೆಸರು, ಹಿಮದ ದಾರಿಯವರಿಗೆ ಬೇಕಾದದ್ದು ಇದೇ. 1953ರಲ್ಲಿ ಕೈಸರ್ ಕಂಪೆನಿ ವಿಲ್ಲಿಸನ್ನು ಕೊಂಡಿತು. 1955ರಲ್ಲಿ ಅಮೆರಿಕದಲ್ಲಿ ವಿಲ್ಲಿಸ್ ಕಾರುಗಳ ತಯಾರಿ ನಿಂತಿತು. ಈ ವ್ಯಾಗನ್ ಮಾತ್ರ 1964ರ ತನಕ ಬಂತು. ಅದರ ನಾನಾ ರೂಪಗಳು ಸೇರಿ ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು.

ಇಲ್ಲಿ ಸ್ಟೀವನ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದ್ದ ವಸ್ತು ಚೆನ್ನಾಗಿದ್ದರೂ ಸ್ವಲ್ಪ ಹೊಸದು ಬೇಕೆಂಬ ಆಸೆಯನ್ನು ಗಿರಾಕಿಯಲ್ಲಿ ಹುಟ್ಟಿಸಬೇಕು, ವ್ಯಾಪಾರ ನಡೆಯುವುದೇ ಹಾಗೆ ಎಂದು 1954ರಲ್ಲಿ ಭಾಷಣ ಮಾಡಿ ಹೆಸರಾದವರು ಇವರೇ. ಇವರ ಕೈಯಿಂದಲೇ ಬಂದ ಗಾಡಿ ಹದಿನೆಂಟು ವರ್ಷ ಹೆಚ್ಚುಕಮ್ಮಿ ಅದೇ ಮೋರೆಯಲ್ಲಿ ಮಾರಾಟವಾಯಿತು! ಆಮೇಲೆ ಇದರ ಜಾಗಕ್ಕೆ ಬಂದ ವ್ಯಾಗನೀರ್ ಕೂಡ ಅವರ ವಿನ್ಯಾಸವೇ. ಅದು 1991ರವರೆಗೆ ಬಾಳಿತು.

ಅಮೆರಿಕದಲ್ಲಿ ನಿಂತ ಮೇಲೂ ಹಳೆಯ ವ್ಯಾಗನ್ ದಕ್ಷಿಣ ಅಮೆರಿಕದಲ್ಲಿ ಓಡುತ್ತಲೇ ಇತ್ತು. ಅರ್ಜೆಂಟೀನಾದಲ್ಲಿ ಇದಕ್ಕೆ 'ಎಸ್ತಾನ್ಸಿಯೆರಾ' ಎಂದು ಹೆಸರು. ಎಸ್ತಾನ್ಸಿಯ ಎಂದರೆ ಅಲ್ಲಿನ ದನ ಸಾಕುವ ದೊಡ್ಡ ಜಮೀನು. ಅಲ್ಲಿ 1970ಕ್ಕೆ ನಿಂತಿತು. ಬ್ರೆಜಿಲಿನವರು 'ರೂರಲ್' ಎಂದು ಕರೆದು 1977ರ ತನಕ ಮಾಡುತ್ತಿದ್ದರು.